ತಪಸ್ಸು ಕಾಲದ ನಡುವೆ ಬೆಳಕು, ಸಂತೋಷ ಯಾಕೆ? ಲೆಂಟ್‌ಗೂ ದೀಕ್ಷಾಸ್ನಾನಕ್ಕೂ ಇರೋ ನಂಟು

ಲೆಂಟ್, ಅಂದ್ರೆ ಈಸ್ಟರ್ ಮುಂಚಿನ ತಪಸ್ಸು ಕಾಲ, ಅಂದ ತಕ್ಷಣ ಬಹಳ ಜನರ ತಲೆಗೆ ಬರೋದು ಉಪವಾಸ, ಹಣೆ ಮೇಲೆ ಬೂದಿ, ನೇರಳೆ ಬಣ್ಣ, ಶಿಲುಬೆ ಹಾದಿ, ಒಟ್ಟಾರೆ ಮುಖ ಬಾಡಿಸ್ಕೊಂಡು ಕಳೀಬೇಕಾದ ನಲವತ್ತು ದಿನ. ಆದ್ರೆ ಇದೇ ದಿನಗಳ ಮಧ್ಯೆ ಒಂದು ಭಾನುವಾರ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಫಾದರ್ ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕ್ಕೊಂಡು ಬರ್ತಾರೆ, ಆವತ್ತಿನ ಪೂಜೆಯ ಮೊದಲ ಮಾತೇ 'ಹರ್ಷಿಸಿ' ಅಂತ. ಓದೋ ಪಾಠಗಳಲ್ಲಿ ನೀರು, ಬೆಳಕು, ಕಣ್ಣು ತೆರೆಯೋದು ಇವೇ ಮತ್ತೆ ಮತ್ತೆ ಬರುತ್ತೆ. ದುಃಖದ ಕಾಲ ಅಂದ್ಮೇಲೆ ಇದೆಲ್ಲ ಇಲ್ಲಿಗೆ ಹೇಗೆ ಬಂತು ಅಂತ ಕೇಳೋರು ಬಹಳ ಜನ, ಕ್ರೈಸ್ತರೂ ಕೇಳ್ತಾರೆ.

ಇನ್ನೊಂದು ಕಡೆ, 2025ರ ಈಸ್ಟರ್‌ಗೆ, ಅಂದ್ರೆ ಯೇಸು ಸತ್ತು ಎದ್ದು ಬಂದ ಹಬ್ಬಕ್ಕೆ, ಫ್ರಾನ್ಸ್ ದೇಶ ಒಂದರಲ್ಲೇ 10 ಸಾವಿರಕ್ಕೂ ಹೆಚ್ಚು ದೊಡ್ಡವರು ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡ್ರು ಅನ್ನೋ ಸುದ್ದಿ ಬಂದಾಗ, ಅವರೆಲ್ಲ ಈಸ್ಟರ್‌ಗೇ ಯಾಕೆ ಕಾಯ್ತಾರೆ, ಬೇರೆ ದಿನ ಆಗಲ್ವಾ ಅನ್ನೋ ಪ್ರಶ್ನೆನೂ ಎದ್ದಿತ್ತು. ಈ ಎರಡೂ ಪ್ರಶ್ನೆಗೆ ಉತ್ತರ ಒಂದೇ ಜಾಗದಲ್ಲಿದೆ. ಲೆಂಟ್ ಶುರುವಾದಾಗ ಅದು ಬರೀ ಪಾಪಕ್ಕೆ ಅಳೋ ಕಾಲ ಆಗಿರ್ಲಿಲ್ಲ, ಈಸ್ಟರ್ ರಾತ್ರಿ ನೀರಿಗೆ ಇಳಿಯೋಕೆ ಹೊರಟವರ ಕೊನೇ ಹಂತದ ತಯಾರಿ ಆಗಿತ್ತು. ಇದೊಂದು ಗೊತ್ತಾದ್ರೆ ಉಳಿದಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ಳುತ್ತೆ.

## ಮೊದಲು ಒಂದಿಷ್ಟು ಬೇಸಿಕ್

ಲೆಂಟ್‌ಗೆ ಕ್ಯಾಥೊಲಿಕರು ತಪಸ್ಸು ಕಾಲ ಅಂತಾರೆ. ಬೂದಿ ಬುಧವಾರದಿಂದ ಶುರು, ಈಸ್ಟರ್ ಹಿಂದಿನ ದಿನಕ್ಕೆ ಮುಗಿಯುತ್ತೆ. ಕ್ಯಾಲೆಂಡರ್ ಹಿಡಿದು ಎಣಿಸಿದ್ರೆ 46 ದಿನ ಸಿಗುತ್ತೆ, ನಲವತ್ತು ಎಲ್ಲಿಂದ ಬಂತು ಅಂದ್ರೆ ನಡುವಿನ ಆರು ಭಾನುವಾರಗಳನ್ನ ಉಪವಾಸದ ಲೆಕ್ಕಕ್ಕೆ ಸೇರಿಸಲ್ಲ. ಭಾನುವಾರ ಅಂದ್ರೆ ಯೇಸು ಎದ್ದು ಬಂದ ದಿನ, ಲೆಂಟ್ ಒಳಗಿದ್ರೂ ಅದು ಹಬ್ಬವೇ. ಅಂದ್ರೆ ಸಂತೋಷ ಲೆಂಟ್‌ನ ಲೆಕ್ಕಾಚಾರದೊಳಗೇ ಕೂತಿದೆ, ಯಾರೋ ಆಮೇಲೆ ತಂದು ಸೇರಿಸಿದ್ದಲ್ಲ.

ದೀಕ್ಷಾಸ್ನಾನ, ಕೆಲವರು ಜ್ಞಾನಸ್ನಾನ ಅಂತಾರೆ, ನೀರಿನ ಮೂಲಕ ಒಬ್ಬ ವ್ಯಕ್ತಿ ಕ್ರಿಸ್ತನ ಸಮುದಾಯಕ್ಕೆ ಸೇರೋ ವಿಧಿ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಲ್ಲಿ ಮುಳುಗಿಸ್ತಾರೆ ಅಥವಾ ತಲೆ ಮೇಲೆ ನೀರು ಸುರೀತಾರೆ. ಇದು ಮೈ ತೊಳೆಯೋದರ ಗುರುತು ಮಾತ್ರ ಅಂದ್ಕೊಂಡ್ರೆ ಅರ್ಧ ವಿಷಯ ತಪ್ಪಿಹೋಗುತ್ತೆ. ಆದಿ ಕ್ರೈಸ್ತ ಪ್ರಚಾರಕ ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಹೇಳೋದು ಇದಕ್ಕಿಂತ ಗಟ್ಟಿಯಾದ ಮಾತು: ನೀರೊಳಗೆ ಹೋಗೋದು ಕ್ರಿಸ್ತನ ಜೊತೆ ಸತ್ತು ಹೂಳಲ್ಪಟ್ಟ ಹಾಗೆ, ಮೇಲೆ ಬರೋದು ಅವರ ಜೊತೆ ಹೊಸ ಬದುಕಿಗೆ ಎದ್ದ ಹಾಗೆ. ಸಾವು ಮತ್ತು ಎದ್ದು ಬರೋದು ಅಂದಮೇಲೆ ಅದಕ್ಕೆ ಈಸ್ಟರ್ ರಾತ್ರಿಗಿಂತ ಸರಿಯಾದ ಸಮಯ ಯಾವುದಿದೆ?

## ನಲವತ್ತು ದಿನ ಬೆಳೆದು ಬಂದ ಬಗೆ

ತೀರಾ ಶುರುವಿನಲ್ಲಿ ನಲವತ್ತು ದಿನ ಅಂತೇನೂ ಇರ್ಲಿಲ್ಲ. ದಿದಾಖೆ ಅಂತ ಒಂದು ಪುಟ್ಟ ಹಳೇ ಕೈಪಿಡಿ ಇದೆ, ಕ್ರೈಸ್ತ ಬರಹಗಳಲ್ಲೇ ಬಹಳ ಹಳೇದು. ದೀಕ್ಷಾಸ್ನಾನ ತಗೊಳ್ಳೋರು ಒಂದೆರಡು ದಿನ ಮೊದಲು ಉಪವಾಸ ಇರ್ಬೇಕು, ಸ್ನಾನ ಕೊಡೋರೂ ಇರ್ಬೇಕು, ಬೇರೆಯವರು ಯಾರಿಗೆ ಆಗುತ್ತೋ ಅವರೂ ಇರ್ಲಿ ಅಂತ ಅದ್ರಲ್ಲಿದೆ. ಸುಮಾರು 155ರಲ್ಲಿ ರೋಮ್‌ನಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತ ಬರಹಗಾರ ಬರೆದಾಗಲೂ ಇದೇ ಮಾತು, ಅವರು ಪ್ರಾರ್ಥನೆ ಉಪವಾಸ ಮಾಡುವಾಗ ನಾವೂ ಅವರ ಜೊತೆ ಮಾಡ್ತೀವಿ ಅಂತ. ನನಗೆ ಇಡೀ ಲೆಂಟ್‌ನ ಬೇರು ಈ 'ಜೊತೆ'ಯಲ್ಲೇ ಕಾಣುತ್ತೆ. ಹೊಸಬರು ಒಂಟಿಯಾಗಿ ಉಪವಾಸ ಇರ್ಬಾರದು ಅಂತ ಹಳಬರೂ ಕೂತ್ರು, ಅದು ನಿಧಾನಕ್ಕೆ ಎಲ್ಲರ ಉಪವಾಸ ಆಯ್ತು.

325ರಲ್ಲಿ ಬಿಷಪ್‌ಗಳೆಲ್ಲ ಸೇರಿದ ನೈಸಿಯಾ ಮಹಾಸಭೆಯ ಹೊತ್ತಿಗೆ ಈಸ್ಟರ್ ಮುಂಚಿನ ನಲವತ್ತು ದಿನ ಅನ್ನೋ ಮಾತು ಅಲ್ಲಿನ ನಿಯಮದಲ್ಲಿ ಸಹಜವಾಗಿ ಬಂದುಬಿಡುತ್ತೆ. ನಲವತ್ತೇ ಯಾಕೆ ಅಂದ್ರೆ ಯೇಸು ಅರಣ್ಯದಲ್ಲಿ ಉಪವಾಸ ಇದ್ದದ್ದು ಅಷ್ಟು ದಿನ. ಇಲ್ಲೊಂದು ಗಮನಿಸ್ಬೇಕಾದ ವಿಷಯ ಇದೆ, ಯೇಸು ಅರಣ್ಯಕ್ಕೆ ಹೋಗಿದ್ದು ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನ ಆದ ಕೂಡ್ಲೇ. ಅಲ್ಲಿ ಸ್ನಾನ ಮೊದಲು, ನಲವತ್ತು ದಿನ ಆಮೇಲೆ. ಇಲ್ಲಿ ಕ್ರಮ ತಿರುಗಾಮುರುಗಾ ಆಗಿದೆ, ಆದ್ರೆ ಎರಡೂ ಕಡೆ ಇವೆರಡು ಒಂದಕ್ಕೊಂದು ಅಂಟ್ಕೊಂಡೇ ಇವೆ.

ಆ ಕಾಲದ ತಯಾರಿ ಹೇಗಿತ್ತು ಅಂತ ಹತ್ತಿರದಿಂದ ನೋಡಿ ಬರೆದವಳು ಎಗೇರಿಯಾ ಅನ್ನೋ ಯಾತ್ರಿಕಳು. 380ರ ದಶಕದಲ್ಲಿ ಜೆರುಸಲೇಮಿಗೆ ಹೋಗಿ, ಅಲ್ಲಿ ಕಂಡಿದ್ದನ್ನೆಲ್ಲ ಊರಲ್ಲಿರೋ ತನ್ನ ಸಹೋದರಿಯರಿಗೆ ಬರೆದು ತಿಳಿಸಿದಳು. ಲೆಂಟ್ ಶುರುವಾಗೋ ಮುಂಚೆ ಹೆಸರು ಕೊಡ್ಬೇಕು. ಮಾರನೇ ದಿನ ಬಿಷಪ್ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ, ಸುತ್ತ ಹಿರಿಯರು, ಒಬ್ಬೊಬ್ಬರನ್ನೇ ಮುಂದೆ ಕರೀತಾರೆ. ಪ್ರಶ್ನೆ ಕೇಳೋದು ಆ ವ್ಯಕ್ತಿಗಲ್ಲ, ಪಕ್ಕದ ಮನೆಯವರಿಗೆ! ಇವನ ನಡತೆ ಹೇಗೆ, ಅಪ್ಪ ಅಮ್ಮನಿಗೆ ಮರ್ಯಾದೆ ಕೊಡ್ತಾನಾ, ಕುಡಿತ ಇದೆಯಾ, ಸುಳ್ಳು ಹೇಳ್ತಾನಾ ಅಂತ. ಸರಿ ಅನ್ಸಿದ್ರೆ ಬಿಷಪ್ ತಾವೇ ಕೈಯಾರೆ ಹೆಸರು ಬರ್ಕೋತಾರೆ, ಏನಾದ್ರೂ ದೂರು ಬಂದ್ರೆ ಹೋಗಿ ತಿದ್ಕೊಂಡು ಬಾ ಅಂತ ವಾಪಸ್ ಕಳಿಸ್ತಾರೆ. ಆಮೇಲೆ ವಾರಗಟ್ಟಲೆ, ದಿನಕ್ಕೆ ಮೂರು ಗಂಟೆ ಪಾಠ. ದೀಕ್ಷಾಸ್ನಾನ ಅಂದ್ರೆ ಒಂದು ಬೆಳಗ್ಗೆ ಹೋಗಿ ಮುಗಿಸ್ಕೊಂಡು ಬರೋ ಕಾರ್ಯಕ್ರಮ ಆಗಿರ್ಲಿಲ್ಲ ಅನ್ನೋದು ಇದರಿಂದ್ಲೇ ಗೊತ್ತಾಗುತ್ತೆ.

## ಕಣ್ಣಿಗೆ ಕೆಸರು, ಆಮೇಲೆ ಕೊಳ

ಈ ತಯಾರಿಯಲ್ಲಿ ಇರೋರಿಗೆ ಓದಿ ಹೇಳೋಕೆ ಸಭೆ, ಅಂದ್ರೆ ಚರ್ಚ್, ಯೋಹಾನನ ಸುವಾರ್ತೆಯಿಂದ ಮೂರು ದೊಡ್ಡ ಕಥೆ ಆರಿಸ್ಕೊಂಡಿದೆ, ಈಗಲೂ ಲೆಂಟ್‌ನ ಮೂರು, ನಾಲ್ಕು, ಐದನೇ ಭಾನುವಾರ ಅವನ್ನ ಓದ್ತಾರೆ: ಬಾವಿ ಹತ್ರ ಬಂದ ಸಮಾರ್ಯದ ಹೆಂಗಸು, ಹುಟ್ಟು ಕುರುಡ, ಸತ್ತು ಎದ್ದ ಲಾಜರ. ನೀರು, ಬೆಳಕು, ಜೀವ. ಮೂರು ವರ್ಷಕ್ಕೊಮ್ಮೆ ತಿರುಗೋ ಪಾಠಗಳ ಚಕ್ರದಲ್ಲಿ ಇವು ಮೊದಲ ವರ್ಷದ ಪಾಲು, ಆದ್ರೆ ದೀಕ್ಷಾಸ್ನಾನಕ್ಕೆ ತಯಾರಾಗ್ತಿರೋರು ಇದ್ರೆ ಯಾವ ವರ್ಷ ಬೇಕಾದ್ರೂ ಓದಬಹುದು. ಮೂರರಲ್ಲಿ ಬೆಳಕಿನ ವಿಷಯಕ್ಕೆ ಬೇಕಾಗೋದು ನಡುವಿನದು, ಯೋಹಾನ 9ನೇ ಅಧ್ಯಾಯ, ಅದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

ದಾರಿಯಲ್ಲಿ ಒಬ್ಬ ಹುಟ್ಟು ಕುರುಡ. ಶಿಷ್ಯರು ಕೇಳ್ತಾರೆ, ಇವನು ಹೀಗೆ ಹುಟ್ಟೋಕೆ ಪಾಪ ಮಾಡಿದ್ದು ಯಾರು, ಇವನಾ, ಇವನ ಅಪ್ಪ ಅಮ್ಮನಾ? ಯೇಸು ಎರಡನ್ನೂ ಸಾರಾಸಗಟಾಗಿ ತಳ್ಳಿಹಾಕ್ತಾರೆ. ಇದನ್ನ ಒತ್ತಿ ಹೇಳ್ಬೇಕು, ಯಾಕಂದ್ರೆ ಕುರುಡು ಅಂದ್ರೆ ಪಾಪ, ಕಣ್ಣು ಕಂಡ್ರೆ ಪುಣ್ಯ ಅಂತ ಈ ಕಥೆನ ತಪ್ಪಾಗಿ ಓದೋರು ಇವತ್ತಿಗೂ ಇದ್ದಾರೆ, ಕಥೆ ಶುರುವಾಗೋದೇ ಆ ಯೋಚನೆ ತಪ್ಪು ಅಂತ ಹೇಳೋದ್ರಿಂದ. ಆಮೇಲೆ ಯೇಸು ನೆಲಕ್ಕೆ ಉಗುಳಿ, ಮಣ್ಣು ಕಲಸಿ ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಹೋಗಿ ಸಿಲೋವಾಮ್ ಕೊಳದಲ್ಲಿ ತೊಳ್ಕೋ ಅಂತಾರೆ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನ ಮಣ್ಣಿಂದ ಮಾಡಿದ್ದು ನೆನಪಿದೆಯಲ್ಲ, 2ನೇ ಶತಮಾನದ ಐರೇನಿಯಸ್ ಅನ್ನೋ ಬಿಷಪ್ ಈ ಕೆಸರನ್ನ ಅದಕ್ಕೇ ಜೋಡಿಸ್ತಾರೆ, ಮೊದಲು ಮನುಷ್ಯನನ್ನ ರೂಪಿಸಿದ ಕೈಯೇ ಇಲ್ಲಿ ಕೊರತೆ ಇದ್ದ ಕಣ್ಣನ್ನೂ ರೂಪಿಸ್ತು ಅಂತ.

ಈ ಸಿಲೋವಾಮ್ ಕೊಳ ಕಥೆಯಲ್ಲಿ ಮಾತ್ರ ಇರೋ ಜಾಗ ಅಲ್ಲ. 2004ರಲ್ಲಿ ಜೆರುಸಲೇಮಲ್ಲಿ ಚರಂಡಿ ಪೈಪ್ ಕೆಲಸಕ್ಕೆ ಅಗೆಯುವಾಗ ಕಲ್ಲಿನ ಮೆಟ್ಟಿಲುಗಳು ಸಿಕ್ಕಿದ್ವು, ಪುರಾತತ್ವದವರು ಅಗೆದು ನೋಡಿದ್ರೆ ಯೇಸುವಿನ ಕಾಲದ ಕೊಳದ ಒಂದು ಅಂಚು. ಗೀಹೋನ್ ಬುಗ್ಗೆಯ ನೀರು ಬಂಡೆ ಕೊರೆದ 533 ಮೀಟರ್ ಸುರಂಗದಲ್ಲಿ ಹರಿದು ಆ ಕಡೆಗೆ ಬರುತ್ತೆ.

ಈಗ ಆ ಮನುಷ್ಯನ ಸ್ಥಿತಿ ನೋಡಿ. ಕೆಸರು ಹಚ್ಕೊಂಡ ಕ್ಷಣಕ್ಕೆ ಅವನಿಗೆ ಕಣ್ಣು ಬರ್ಲಿಲ್ಲ. ಮುಂಚೆ ಕತ್ತಲೆ ಮಾತ್ರ ಇತ್ತು, ಈಗ ಕತ್ತಲೆ ಜೊತೆ ಕಣ್ಣ ಮೇಲೆ ಒದ್ದೆ ಮಣ್ಣೂ ಇದೆ. ಹಾಗೇ ಎದ್ದು ಕೊಳದವರೆಗೂ ನಡೀಬೇಕು, ಒಂದು ಮಾತನ್ನ ನಂಬ್ಕೊಂಡು. 4ನೇ ಶತಮಾನದಲ್ಲಿ ಮಿಲಾನ್ ನಗರದ ಬಿಷಪ್ ಆಂಬ್ರೋಸ್ ಹೊಸದಾಗಿ ದೀಕ್ಷಾಸ್ನಾನ ಆದವರಿಗೆ ಇದನ್ನೇ ಇಟ್ಕೊಂಡು ವಿವರಿಸ್ತಾರೆ: ನೀನು ಬಂದು ಹೆಸರು ಕೊಟ್ಟೆಯಲ್ಲ, ಆಗಲೇ ಯೇಸು ನಿನ್ನ ಕಣ್ಣಿಗೆ ಕೆಸರು ಹಚ್ಚಿದ್ದು, ಅಂದ್ರೆ ನಿನ್ನ ತಪ್ಪು ನಿನಗೆ ಗೊತ್ತಾಗೋ ಹಾಗೆ ಮಾಡಿದ್ದು, ಆಮೇಲೆ ನೀನು ಬಂದ ದೀಕ್ಷಾಸ್ನಾನದ ತೊಟ್ಟಿಯೇ ನಿನ್ನ ಸಿಲೋವಾಮ್. ಹಾಗಾದ್ರೆ ಲೆಂಟ್ ಅಂದ್ರೆ ಏನು? ಹೆಸರು ಕೊಟ್ಟ ದಿನಕ್ಕೂ ಈಸ್ಟರ್ ರಾತ್ರಿಗೂ ನಡುವೆ ಇರೋದು, ಕೆಸರಿಗೂ ಕೊಳಕ್ಕೂ ನಡುವಿನ ಆ ನಡಿಗೆ. ತಪಸ್ಸು ಯಾಕೆ, ಬೆಳಕಿನ ಮಾತು ಯಾಕೆ, ಎರಡಕ್ಕೂ ಇಷ್ಟು ನೇರವಾದ ವಿವರಣೆ ನಾನು ಬೇರೆಲ್ಲೂ ಓದಿಲ್ಲ.

ಕಥೆ ಅಲ್ಲಿಗೇ ನಿಲ್ಲಲ್ಲ. ಕಣ್ಣು ಬಂದ್ಮೇಲೆ ಅಕ್ಕಪಕ್ಕದವರು ಇವನು ಅವನೇನಾ ಅಂತ ಜಗಳ, ಫರಿಸಾಯರು ಅನ್ನೋ ಯೆಹೂದಿ ಧಾರ್ಮಿಕ ಗುಂಪಿನವರಿಂದ ವಿಚಾರಣೆ, ಅಪ್ಪ ಅಮ್ಮ ಹೆದರ್ಕೊಂಡು ಅವನಿಗೆ ವಯಸ್ಸಾಗಿದೆ ಅವನನ್ನೇ ಕೇಳಿ ಅಂತ ಜಾರ್ಕೋತಾರೆ. ಇವನು ಮೊದಲು ಯೇಸು ಅನ್ನೋ ಒಬ್ಬ ಮನುಷ್ಯ ಅಂತಾನೆ, ಆಮೇಲೆ ಪ್ರವಾದಿ ಅಂತಾನೆ, ಆಮೇಲೆ ದೇವರಿಂದ ಬಂದವರು ಅಂತಾನೆ, ಕೊನೆಗೆ ಪ್ರಭು, ನಂಬ್ತೀನಿ ಅಂತ ಅಡ್ಡಬೀಳ್ತಾನೆ. ಕಣ್ಣಿನ ಬೆಳಕು ಕೊಳದಲ್ಲಿ ಒಂದೇ ಸಲಕ್ಕೆ ಬಂತು, ಒಳಗಿನ ಬೆಳಕು ಹಂತ ಹಂತವಾಗಿ, ಅದೂ ಜನ ಪ್ರಶ್ನೆ ಕೇಳಿ ಕಾಡಿದ ಹಾಗೆಲ್ಲ ಹೆಚ್ಚಾಯ್ತು. ವಾರಗಟ್ಟಲೆ ಪಾಠ ಕೇಳಿ ತಯಾರಾಗೋರಿಗೆ ಇದೇ ಕಥೆ ಯಾಕೆ ಅನ್ನೋದಕ್ಕೆ ಇನ್ನೇನು ಬೇಕು.

## ದೀಕ್ಷಾಸ್ನಾನವನ್ನೇ ಬೆಳಕು ಅಂತಿದ್ರು

ನೀರಿನ ವಿಧಿಗೂ ಬೆಳಕಿಗೂ ಏನು ಸಂಬಂಧ ಅಂತ ಇನ್ನೂ ಅನ್ನಿಸ್ಬಹುದು. ಮೇಲೆ ಹೇಳಿದ ಜಸ್ಟಿನ್ ಸ್ಪಷ್ಟವಾಗಿ ಬರೀತಾರೆ, ಈ ಸ್ನಾನಕ್ಕೆ ಬೆಳಕು ಹೊಂದೋದು ಅಂತಲೇ ಹೆಸರು, ಯಾಕಂದ್ರೆ ಇದನ್ನ ಕಲಿತವರ ಮನಸ್ಸಿಗೆ ಬೆಳಕಾಗುತ್ತೆ ಅಂತ. ಜೆರುಸಲೇಮಿನ ಬಿಷಪ್ ಸಿರಿಲ್ ಸುಮಾರು 350ರಲ್ಲಿ, ಯೇಸುವಿನ ಸಮಾಧಿ ಇದ್ದ ಜಾಗದಲ್ಲೇ ಕಟ್ಟಿದ ಚರ್ಚ್‌ನಲ್ಲಿ ಲೆಂಟ್ ಪಾಠ ಮಾಡುವಾಗ ಮುಂದೆ ಕೂತವರನ್ನ ಬೆಳಕು ಹೊಂದಲಿರುವವರೇ ಅಂತಲೇ ಮಾತಾಡಿಸ್ತಾರೆ.

ಇದಕ್ಕೆ ಬೈಬಲ್‌ನಲ್ಲೇ ಒಂದು ಒಳ್ಳೇ ಉದಾಹರಣೆ ಇದೆ, ಪೌಲನದು. ದಮಸ್ಕದ ದಾರಿಯಲ್ಲಿ ದೊಡ್ಡ ಬೆಳಕು ಕಂಡು ಕಣ್ಣು ಕಾಣದ ಹಾಗಾಗಿ, ಮೂರು ದಿನ ಊಟ ನೀರು ಏನೂ ಮುಟ್ಟದೆ ಕೂತ. ಆಮೇಲೆ ಅನನೀಯ ಅನ್ನೋ ಶಿಷ್ಯ ಬಂದು ತಲೆ ಮೇಲೆ ಕೈಯಿಟ್ಟಾಗ ಕಣ್ಣಿಂದ ಪೊರೆ ತರದ್ದೇನೋ ಕಳಚಿ ಬಿತ್ತು, ದೃಷ್ಟಿ ಬಂತು, ಎದ್ದು ದೀಕ್ಷಾಸ್ನಾನ ತಗೊಂಡ, ಆಮೇಲೇ ಊಟ ಮಾಡಿದ. ಕತ್ತಲೆ, ಉಪವಾಸ, ಬೆಳಕು, ನೀರು ನಾಲ್ಕೂ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದ ಕೆಲವೇ ಸಾಲುಗಳಲ್ಲಿ ಒಟ್ಟಿಗೆ ಬಂದುಬಿಡುತ್ತೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಬರೋ ಮಾತೂ ಈ ದಾರಿಯದ್ದೇ, ಒಂದು ಕಾಲದಲ್ಲಿ ನೀವು ಕತ್ತಲೆ ಆಗಿದ್ರಿ, ಈಗ ಪ್ರಭುವಿನಲ್ಲಿ ಬೆಳಕಾಗಿದ್ದೀರಿ, ಬೆಳಕಿನ ಮಕ್ಕಳ ಹಾಗೆ ನಡೀರಿ. ಕತ್ತಲೆಯಲ್ಲಿ ಇದ್ರಿ ಅಂತಲ್ಲ, ಕತ್ತಲೆಯೇ ಆಗಿದ್ರಿ ಅಂತಾರೆ. ಹುಟ್ಟು ಕುರುಡನ ಕಥೆ ಓದೋ ದಿನವೇ ಇದನ್ನೂ ಓದ್ತಾರೆ.

ಬೆಳಕನ್ನ ಬರೀ ಮಾತಲ್ಲಿ ಹೇಳದೆ ಮೈಯಿಂದ ಮಾಡಿ ತೋರಿಸ್ತಿದ್ರು ಅನ್ನೋದು ಇನ್ನೂ ಚೆನ್ನಾಗಿದೆ. ಜೆರುಸಲೇಮಿನಲ್ಲಿ ಸ್ನಾನಕ್ಕೆ ಮುಂಚೆ ಮೊದಲು ಪಶ್ಚಿಮಕ್ಕೆ, ಅಂದ್ರೆ ಸೂರ್ಯ ಮುಳುಗಿ ಕತ್ತಲೆ ಆಗೋ ದಿಕ್ಕಿಗೆ ಮುಖ ಮಾಡಿ, ಕೈ ಚಾಚಿ, ಸೈತಾನ ನಿನ್ನನ್ನ ಬಿಟ್ಟೆ ಅಂತ ಎದುರಿಗೇ ನಿಂತಿರೋ ಹಾಗೆ ಹೇಳ್ಬೇಕಿತ್ತು, ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆಯ ಮಾತು. ಅಲ್ಲಿಂದ ಎಣ್ಣೆ ಹಚ್ಚಿಸ್ಕೊಂಡು ಮೂರು ಸಲ ಮುಳುಗಿ ಎದ್ದು ಬಿಳಿ ಬಟ್ಟೆ. 381ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾಂಜಸ್‌ನ ಗ್ರೆಗರಿ ಮಾಡಿದ ಪ್ರವಚನದಲ್ಲಿ ಹೊಸಬರು ಹಚ್ಚೋ ದೀಪಗಳ ಮಾತೂ ಇದೆ, ಯೇಸು ಹೇಳಿದ ಕಥೆಯಲ್ಲಿ ಮದುಮಗನನ್ನ ಎದುರುಗೊಳ್ಳೋ ಕನ್ಯೆಯರ ದೀಪದ ಹಾಗೆ ಅಂತ. ಈಗ ಮಗುವಿನ ದೀಕ್ಷಾಸ್ನಾನದಲ್ಲಿ ಅಪ್ಪನ ಕೈಗೋ ಜ್ಞಾನಪಿತರ ಕೈಗೋ ಒಂದು ಮೇಣದಬತ್ತಿ ಹಚ್ಚಿ ಕೊಡ್ತಾರಲ್ಲ, ಫೋಟೋ ತೆಗೆಯೋ ಗಡಿಬಿಡಿಯಲ್ಲಿ ಯಾರೂ ಅಷ್ಟು ಗಮನ ಕೊಡಲ್ಲ, ಅದು ಇದರ ಮುಂದುವರಿಕೆ.

## ಹಾಗಾದ್ರೆ ಸಂತೋಷ ಎಲ್ಲಿ ಬಂತು

ಹೆರಿಗೆಗೆ ಕಾಯ್ತಿರೋ ಮನೆ ನೋಡಿ. ತಿನ್ನೋದ್ರಲ್ಲಿ ಪಥ್ಯ, ಓಡಾಟ ಕಮ್ಮಿ, ಸುಸ್ತು, ಒಂಚೂರು ಭಯ, ಎಲ್ಲ ಇರುತ್ತೆ, ಆದ್ರೆ ಆ ಮನೇಲಿ ದುಃಖ ಇದೆ ಅಂತ ಯಾರೂ ಹೇಳಲ್ಲ. ಲೆಂಟ್‌ನ ಬಿಗಿ ಆ ಜಾತಿಯದು. ದೀಕ್ಷಾಸ್ನಾನದ ನೀರನ್ನ ಹಳೇ ಕ್ರೈಸ್ತರು ನೇರವಾಗಿ ತಾಯಿ ಅಂತಲೇ ಕರೀತಿದ್ರು, ಸಿರಿಲ್ ಹೆಸರಲ್ಲಿ ಉಳಿದಿರೋ ಪಾಠದಲ್ಲಿ ಆ ನೀರೇ ನಿಮಗೆ ಸಮಾಧಿಯೂ ಆಯ್ತು ತಾಯಿಯೂ ಆಯ್ತು ಅನ್ನೋ ಮಾತಿದೆ.

ನಾಲ್ಕನೇ ಭಾನುವಾರದ ಹರ್ಷಿಸಿ ಅನ್ನೋ ಮಾತೂ ಅಲ್ಲಿಂದಲೇ ಅರ್ಥ ಆಗುತ್ತೆ. ಅದು ಯೆಶಾಯನ 66ನೇ ಅಧ್ಯಾಯದ್ದು, ಜೆರುಸಲೇಮ್ ಜೊತೆ ಹರ್ಷಿಸಿ, ಅವಳ ಎದೆಹಾಲು ಕುಡಿದು ತೃಪ್ತರಾಗಿ ಅಂತ ಅಲ್ಲಿ ನಗರವನ್ನ ತಾಯಿಯಾಗಿ ಚಿತ್ರಿಸಿದೆ. ಲ್ಯಾಟಿನ್‌ನಲ್ಲಿ ಆ ಮೊದಲ ಪದ ಲೇತಾರೆ, ಅದಕ್ಕೇ ಲೇತಾರೆ ಭಾನುವಾರ. ಲೆಂಟ್‌ನ ಅರ್ಧ ದಾರಿ ದಾಟಿದ್ದಾಯ್ತು, ಹುಟ್ಟೋ ದಿನ ಹತ್ರ ಬಂತು ಅನ್ನೋ ಉಸಿರು ಅದು. ಆವತ್ತು ನೇರಳೆ ಬದಲು ಗುಲಾಬಿ ಬಣ್ಣ ಹಾಕಬಹುದು, ಬಲಿಪೀಠಕ್ಕೆ ಹೂವು ಇಡಬಹುದು, ಬೇರೆ ದಿನ ಹಾಡಿಗೆ ಆಸರೆಯಾಗಿ ಮಾತ್ರ ನುಡಿಸೋ ವಾದ್ಯಗಳನ್ನ ಆವತ್ತು ಹಾಗೇ ನುಡಿಸಬಹುದು. ಇಂಗ್ಲೆಂಡಲ್ಲಿ ಇದೇ ಭಾನುವಾರ ತಾಯಂದಿರ ದಿನವಾಗಿ ಬೆಳೆದಿದ್ದೂ ಆಕಸ್ಮಿಕ ಅಲ್ಲ.

ನಿಜ ಹೇಳ್ಬೇಕಂದ್ರೆ ಸಂತೋಷ ಬೂದಿ ಬುಧವಾರವೇ ಶುರುವಾಗಿಬಿಟ್ಟಿರುತ್ತೆ. ಆವತ್ತು ಓದೋ ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಹೇಳೋದು, ಉಪವಾಸ ಇರುವಾಗ ಮುಖ ಸಪ್ಪೆ ಮಾಡ್ಕೋಬೇಡಿ, ತಲೆಗೆ ಎಣ್ಣೆ ಹಚ್ಕೊಳ್ಳಿ, ಮುಖ ತೊಳ್ಕೊಳ್ಳಿ ಅಂತ. ಆವತ್ತಿನ 51ನೇ ಕೀರ್ತನೆ ನಿನ್ನ ರಕ್ಷಣೆಯ ಆನಂದವನ್ನ ನನಗೆ ವಾಪಸ್ ಕೊಡು ಅಂತ ಬೇಡುತ್ತೆ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದವರಿಗೆ ಬರೆದ ನಿಯಮಗಳಲ್ಲಿ ಲೆಂಟ್‌ಗೆ ಅಂತ ಒಂದು ಸಣ್ಣ ಅಧ್ಯಾಯ ಇದೆ, ಊಟ ನಿದ್ದೆ ಹರಟೆ ಕಮ್ಮಿ ಮಾಡಿ ಅಂದ್ಮೇಲೆ, ಆತ್ಮಿಕ ಹಂಬಲದ ಸಂತೋಷದಿಂದ ಈಸ್ಟರ್‌ನ ಎದುರು ನೋಡಿ ಅಂತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳವರು ಲೆಂಟ್‌ನ ಭಾವವನ್ನ ಹೊಳೆಯೋ ದುಃಖ ಅಂತ ಹೇಳ್ತಾರೆ. ಪಶ್ಚಿಮದ ಸಭೆ ಲೆಂಟ್ ಪೂರ್ತಿ ಅಲ್ಲೆಲೂಯ ಅನ್ನೋ ಸ್ತುತಿ ಹಾಡೋದನ್ನ ನಿಲ್ಲಿಸುತ್ತೆ, ಆರ್ಥೊಡಾಕ್ಸ್‌ನವರು ಉಪವಾಸದ ದಿನಗಳಲ್ಲೇ ಅದನ್ನ ಹೆಚ್ಚಾಗಿ ಹಾಡ್ತಾರೆ!

ತಪ್ಪು ಒಪ್ಕೊಳ್ಳೋದು, ಕಣ್ಣೀರು, ಇವೆಲ್ಲ ಸುಳ್ಳು ಅಂತಲ್ಲ. ದೊಡ್ಡ ತಪ್ಪು ಮಾಡಿ ಸಭೆಯಿಂದ ದೂರ ಉಳಿದವರು ವಾಪಸ್ ಬರೋಕೆ ತಯಾರಾಗ್ತಿದ್ದದ್ದೂ ಇದೇ ದಿನಗಳಲ್ಲಿ, ಅವರನ್ನ ಪವಿತ್ರ ಗುರುವಾರ ಮತ್ತೆ ಸೇರಿಸ್ಕೋತಿದ್ರು. ಬೂದಿ ಮೊದಲು ಅವರದ್ದು, 11ನೇ ಶತಮಾನದ ಹೊತ್ತಿಗೆ ಎಲ್ಲರ ಹಣೆಗೂ ಬಂತು. ಒಂದು ಕಡೆ ಹೊಸದಾಗಿ ಹುಟ್ಟೋರು, ಇನ್ನೊಂದು ಕಡೆ ಮನೆಗೆ ವಾಪಸ್ ಬರೋರು. ಮನೆಯಲ್ಲಿ ಇರೋರಿಗೆ ಎರಡೂ ಸಂತೋಷವೇ ತಾನೆ.

## ಮರೆತುಹೋಗಿ ಮತ್ತೆ ಸಿಕ್ಕಿದ್ದು

ಇಷ್ಟೆಲ್ಲ ಇದ್ದದ್ದು ಜನರ ನೆನಪಿಂದ ಹೋಗಿದ್ದು ಹೇಗೆ? ಮುಖ್ಯ ಕಾರಣ ಸರಳ. ಹುಟ್ಟಿದ ಮಕ್ಕಳಿಗೇ ದೀಕ್ಷಾಸ್ನಾನ ಕೊಡೋದು ಎಲ್ಲ ಕಡೆ ರೂಢಿಯಾದ್ಮೇಲೆ ತಯಾರಾಗೋ ದೊಡ್ಡವರೇ ಇಲ್ಲದ ಹಾಗಾಯ್ತು. ಕಾಯೋರು ಇಲ್ಲದ ಮೇಲೆ ತಯಾರಿ ಹೋಯ್ತು, ತಪಸ್ಸು ಉಳೀತು. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆ ಪೂಜೆ ಅಂತೂ ಹೊತ್ತಿಗಿಂತ ಮುಂಚೆ ಮುಂಚೆ ಜರುಗಿ ಕೊನೆಗೆ ಶನಿವಾರ ಬೆಳಗ್ಗೆಯೇ ನಡೀತಿತ್ತು. ಕತ್ತಲೆಯನ್ನ ಸೀಳೋ ಬೆಳಕು ಅಂತ ಹಾಡೋದು, ಕಿಟಕಿಯಲ್ಲಿ ಫುಲ್ ಬಿಸಿಲು, ಬಂದಿರೋರು ಬೆರಳೆಣಿಕೆ.

1951ರಲ್ಲಿ 12ನೇ ಪಿಯುಸ್ ಪೋಪ್ ಅದನ್ನ ಪ್ರಯೋಗವಾಗಿ ರಾತ್ರಿಗೆ ವಾಪಸ್ ತಂದ್ರು, 1956ರಿಂದ ಅದೇ ಕಾಯಂ ಆಯ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನೆಯ ದಾಖಲೆ ಲೆಂಟ್‌ಗೆ ಎರಡು ಮುಖ ಇದೆ, ದೀಕ್ಷಾಸ್ನಾನದ ನೆನಪು ಅಥವಾ ತಯಾರಿ ಒಂದು, ಪಶ್ಚಾತ್ತಾಪ ಇನ್ನೊಂದು, ಎರಡನ್ನೂ ಎತ್ತಿ ತೋರಿಸ್ಬೇಕು ಅಂತ ಬರೀತು. 1972ರಲ್ಲಿ ದೊಡ್ಡವರ ತಯಾರಿಯ ಹಳೇ ಹಂತಗಳನ್ನ ಮತ್ತೆ ಜೋಡಿಸಿ ಹೊಸ ವಿಧಿಪುಸ್ತಕ ಬಂತು. ಫ್ರಾನ್ಸ್‌ನ ಆ ಸಾವಿರಾರು ಜನ ಬಂದಿದ್ದು ಇದೇ ದಾರಿಯಲ್ಲಿ.

ಎಲ್ಲ ಕ್ರೈಸ್ತರೂ ಇದನ್ನ ಹೀಗೇ ಆಚರಿಸಲ್ಲ ಅನ್ನೋದನ್ನೂ ಹೇಳ್ಬೇಕು. ಆಂಗ್ಲಿಕನ್, ಲೂಥರನ್, ಮೆಥಡಿಸ್ಟ್ ಸಭೆಗಳಲ್ಲಿ ಲೆಂಟ್ ಇದೆ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳು ಹೆಚ್ಚಿನವು ಲೆಂಟ್ ಇಟ್ಕೊಂಡಿಲ್ಲ, ಆದ್ರೆ ತಾನೇ ನಂಬಿ ಒಪ್ಕೊಂಡವರಿಗೆ ಮಾತ್ರ ದೀಕ್ಷಾಸ್ನಾನ, ಅದೂ ಪೂರ್ತಿ ಮುಳುಗಿಸಿ ಅನ್ನೋದ್ರಲ್ಲಿ ಗಟ್ಟಿ. ಆರ್ಥೊಡಾಕ್ಸ್ ಸಭೆಗಳಲ್ಲಿ ಲೆಂಟ್‌ನ ಅರ್ಧ ಕಳೆದ್ಮೇಲೆ ಬೆಳಕು ಹೊಂದಲು ತಯಾರಾಗ್ತಿರೋರಿಗಾಗಿ ಅಂತ ಒಂದು ವಿಶೇಷ ಪ್ರಾರ್ಥನೆ ಸೇರ್ಕೊಳ್ಳುತ್ತೆ, ಲೆಂಟ್‌ನ ವಾರದ ದಿನಗಳ ಅವರ ಆರಾಧನೆಯಲ್ಲಿ ಗುರುಗಳು ಉರಿಯೋ ಮೇಣದಬತ್ತಿ ಎತ್ತಿ ಹಿಡಿದು ಕ್ರಿಸ್ತನ ಬೆಳಕು ಎಲ್ಲರಿಗೂ ಬೆಳಗುತ್ತೆ ಅಂತ ಸಾರ್ತಾರೆ.

## ಆ ರಾತ್ರಿ ಏನೇನಾಗುತ್ತೆ

ಸ್ನೇಹಿತರದ್ದೋ ನೆಂಟರದ್ದೋ ದೀಕ್ಷಾಸ್ನಾನ ಅಂತ ಈಸ್ಟರ್ ಜಾಗರಣೆಗೆ ಮೊದಲ ಸಲ ಹೋಗೋರಿಗೆ ಇದು ಉಪಯೋಗ ಆಗಬಹುದು. ಕ್ಯಾಥೊಲಿಕ್ ಚರ್ಚ್‌ನಲ್ಲಿ ಕತ್ತಲಾದ ಮೇಲೆಯೇ ಶುರು, ಲೈಟ್ ಎಲ್ಲ ಆಫ್. ಹೊರಗೆ ಬೆಂಕಿ ಹಾಕಿರ್ತಾರೆ. ದೊಡ್ಡ ಪಾಸ್ಖ (ಈಸ್ಟರ್) ಮೇಣದಬತ್ತಿ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೇ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಗುರುತು ಮಾಡಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚಿ, ಬೆಂಕಿಯಿಂದ ಹಚ್ತಾರೆ. ಅದನ್ನ ಹಿಡ್ಕೊಂಡು ಒಳಗೆ ಬರುವಾಗ ಮೂರು ಕಡೆ ನಿಂತು ಕ್ರಿಸ್ತನ ಬೆಳಕು ಅಂತ ಹಾಡ್ತಾರೆ, ಜನ ದೇವರಿಗೆ ಕೃತಜ್ಞತೆ ಅಂತ ಉತ್ತರ ಕೊಡ್ತಾರೆ. ಆ ಒಂದು ಬತ್ತಿಯಿಂದ ಎಲ್ಲರ ಕೈಯಲ್ಲಿರೋ ಬತ್ತಿಗಳಿಗೆ ಬೆಂಕಿ ದಾಟುತ್ತೆ, ನಿಮ್ಮ ಕೈಗೂ ಒಂದು ಕೊಡ್ತಾರೆ, ಪಕ್ಕದವರಿಂದ ಹಚ್ಕೊಳ್ಳಿ.

ಆಮೇಲೆ ಒಂದು ಉದ್ದದ ಸ್ತುತಿ ಹಾಡು, ಅದ್ರಲ್ಲಿ ಮೇಣ ಕೊಟ್ಟ ಜೇನ್ನೊಣಗಳ ಮಾತೂ ಬರುತ್ತೆ. ನಂತರ ಪಾಠಗಳು. ಪೂರ್ತಿ ಓದಿದ್ರೆ ಹಳೇ ಒಡಂಬಡಿಕೆಯಿಂದಲೇ ಏಳು, ಹಾಗಾಗಿ ಟೈಮ್ ಹಿಡಿಯುತ್ತೆ, ಆತುರ ಬೇಡ. ಮೊದಲನೇದು ಆದಿಕಾಂಡ 1, ಬೆಳಕಾಗಲಿ ಅಂತ ದೇವರು ಹೇಳಿದ್ದು. ಎಷ್ಟೇ ಕಮ್ಮಿ ಮಾಡಿದ್ರೂ ಕೆಂಪು ಸಮುದ್ರ ದಾಟಿದ ವಿಮೋಚನಕಾಂಡ 14ನ್ನ ಬಿಡೋ ಹಾಗಿಲ್ಲ, ಯಾಕಂದ್ರೆ ನೀರಿನ ಮೂಲಕ ಬಿಡುಗಡೆ ಅನ್ನೋದು ಆ ರಾತ್ರಿಯ ತಿರುಳು. ಆಮೇಲೆ ಬರೋ ಪತ್ರದ ಪಾಠ ರೋಮಾಪುರ 6. ನಡುವೆ ಗಂಟೆಗಳು ಒಟ್ಟಿಗೆ ಬಾರಿಸ್ತವೆ, ಇಷ್ಟು ದಿನ ನಿಲ್ಲಿಸಿದ್ದ ಅಲ್ಲೆಲೂಯ ವಾಪಸ್ ಬರುತ್ತೆ.

ದೀಕ್ಷಾಸ್ನಾನ ಬರೋದು ಇದೆಲ್ಲ ಆದ್ಮೇಲೆ. ನೀರನ್ನ ಆಶೀರ್ವದಿಸುವಾಗ ಆ ದೊಡ್ಡ ಮೇಣದಬತ್ತಿಯ ಬುಡವನ್ನ ನೀರಿಗೆ ಅದ್ದೋ ಕ್ರಮ ಇದೆ, ಕೆಲವು ಕಡೆ ಅದ್ದಲ್ಲ. ಸೈತಾನನನ್ನ ಬಿಡೋ ಪ್ರಶ್ನೆಗಳು, ನಂಬಿಕೆಯ ಪ್ರಶ್ನೆಗಳು, ನೀರು, ಬಿಳಿ ಬಟ್ಟೆ, ಕೈಗೆ ಹಚ್ಚಿದ ಬತ್ತಿ. ಮುಂಚೆಯೇ ದೀಕ್ಷಾಸ್ನಾನ ಆಗಿರೋ ಇಡೀ ಸಭೆಯೂ ಬತ್ತಿ ಹಿಡ್ಕೊಂಡು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಡುತ್ತೆ, ಅವರ ಮೇಲೂ ನೀರು ಚಿಮುಕಿಸ್ತಾರೆ. ಕ್ರೈಸ್ತರಲ್ಲದವರೂ ಕೂತು ಎಲ್ಲವನ್ನೂ ನೋಡಬಹುದು, ಪೂಜೆಯಲ್ಲಿ ಕೊಡೋ ಪರಮಪ್ರಸಾದದ ರೊಟ್ಟಿ ಮಾತ್ರ ತಗೊಳ್ಳೋ ಹಾಗಿಲ್ಲ.

ಅರ್ಥ ಆಗದ್ದು ಎಷ್ಟೋ ಇದ್ರೂ ತೊಂದ್ರೆ ಇಲ್ಲ, ಸ್ನಾನ ತಗೊಂಡವರಿಗೇ ಹಳೇ ಕಾಲದಲ್ಲಿ ಆ ರಾತ್ರಿಯ ವಿಧಿಗಳ ಅರ್ಥವನ್ನ ಮುಂಚೆ ಹೇಳ್ತಿರ್ಲಿಲ್ಲ. ಕೇಳೋದಕ್ಕಿಂತ ಕಣ್ಣಾರೆ ಕಂಡಿದ್ದು ಹೆಚ್ಚು ನಾಟುತ್ತೆ, ಅದಕ್ಕೇ ಇಲ್ಲಿವರೆಗೂ ಕಾದೆ ಅಂತ ಜೆರುಸಲೇಮಿನ ಪಾಠದಲ್ಲಿದೆ. ಈಸ್ಟರ್ ವಾರದಲ್ಲಿ ಬಿಳಿ ಬಟ್ಟೆಯಲ್ಲೇ ಬಂದು ಕೂತವರಿಗೆ ಬಿಷಪ್ ಒಂದೊಂದನ್ನೇ ಬಿಡಿಸಿ ಹೇಳ್ತಿದ್ರು, ಆಗ ಒಳಗಿನವರು ಹೊಗಳಿ ಹಾಕ್ತಿದ್ದ ಕೂಗು ಚರ್ಚ್ ಹೊರಗಿನವರೆಗೂ ಕೇಳಿಸ್ತಿತ್ತು ಅಂತ ಎಗೇರಿಯಾ ಬರೆದಿದ್ದಾಳೆ.